ಪೆನ್ಸಿಲ್ವೇನಿಯಾದಲ್ಲಿ ಒಬ್ಬಳೇ ಉದ್ಯೋಗಿ: ಹೊಸ ರಾಜ್ಯದ ಪೇರೋಲ್ ತೆರಿಗೆಗೆ ನಾನು ನೋಂದಾಯಿಸಿದ್ದು ಹೀಗೆ

ಅಮೆರಿಕದಲ್ಲಿ ಸಂಬಳದ ಮೇಲಿನ ರಾಜ್ಯ ತೆರಿಗೆಯನ್ನು ಸಾಮಾನ್ಯವಾಗಿ ಕಂಪನಿ ಇರುವ ಊರು ನೋಡಿ ಕಟ್ಟುವುದಿಲ್ಲ. ಉದ್ಯೋಗಿ ಎಲ್ಲಿ ಕೂತು ಕೆಲಸ ಮಾಡುತ್ತಾರೆ ಅನ್ನುವುದೇ ಲೆಕ್ಕಕ್ಕೆ ಬರುವುದು. ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳ ನಿಯಮ ಸ್ವಲ್ಪ ಬೇರೆ, ಆ ಮಾತು ಇಲ್ಲಿ ಬೇಡ. ಆಫೀಸು ಒಂದೇ ಇದ್ದರೂ, ಒಬ್ಬ ಉದ್ಯೋಗಿ ಗಡಿ ದಾಟಿ ಮನೆಯಿಂದ ಕೆಲಸ ಶುರು ಮಾಡಿದರೆ ಸಾಕು, ಕಂಪನಿ ಆ ರಾಜ್ಯದಲ್ಲೂ ಖಾತೆ ತೆರೆಯಬೇಕು.

ನಾನು ನ್ಯೂ ಜೆರ್ಸಿಯಲ್ಲಿ ಎಡಿಸನ್ ಹತ್ತಿರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಲೆಕ್ಕಪತ್ರ ಮತ್ತು ಸಂಬಳ ನೋಡಿಕೊಳ್ಳುತ್ತೇನೆ. 2024ರ ಮೇ ತಿಂಗಳಲ್ಲಿ ನಮ್ಮಲ್ಲಿ ಕೆಲಸ ಮಾಡುವ ದಾವಣಗೆರೆ ಕಡೆಯ ಹುಡುಗಿ ಫೋನ್ ಮಾಡಿ, "ಅಕ್ಕಾ, ಬಕ್ಸ್ ಕೌಂಟಿಯಲ್ಲಿ ಮನೆ ತಗೊಂಡ್ವಿ. ಜೂನ್‌ನಿಂದ ಅಲ್ಲಿಂದಲೇ ಕೆಲಸ ಮಾಡ್ತೀನಿ, ತೊಂದರೆ ಇಲ್ಲ ಅಲ್ವಾ?" ಅಂದಳು. ಬಕ್ಸ್ ಕೌಂಟಿ ಅಂದರೆ ಡೆಲವೇರ್ ನದಿಯ ಆಚೆ ದಡ. ಕಾರಿನಲ್ಲಿ ಹೋದರೆ ದೊಡ್ಡ ದೂರವಲ್ಲ. ಆದರೆ ಸೇತುವೆ ದಾಟಿದರೆ ಪೆನ್ಸಿಲ್ವೇನಿಯಾ.

ಮೊದಲು ಬದಲಾಗದ್ದು ಯಾವುದು ಎಂದು ನೋಡಿದೆ. ಫೆಡರಲ್ ತೆರಿಗೆ ಹಾಗೇ ಇರುತ್ತದೆ. ಪಿಂಚಣಿಗೆ ಹೋಗುವ ಸೋಷಿಯಲ್ ಸೆಕ್ಯುರಿಟಿ 6.2%, ಹಿರಿಯರ ಆರೋಗ್ಯ ವಿಮೆಗೆ ಹೋಗುವ ಮೆಡಿಕೇರ್ 1.45%, ಇವುಗಳ ತ್ರೈಮಾಸಿಕ ರಿಟರ್ನ್ ಆದ ಫಾರ್ಮ್ 941, ಕಂಪನಿಯ ತೆರಿಗೆ ಗುರುತಿನ ನಂಬರ್ ಆದ ಇಐಎನ್, ಯಾವುದನ್ನೂ ಮುಟ್ಟಬೇಕಿಲ್ಲ. ಕೆಲಸ ಇರುವುದೆಲ್ಲ ರಾಜ್ಯದ ಮಟ್ಟದಲ್ಲಿ, ಪೆನ್ಸಿಲ್ವೇನಿಯಾ ಆದರೆ ಅದರ ಕೆಳಗಿನ ಮಟ್ಟದಲ್ಲೂ.

ರಾಜ್ಯ ಮಟ್ಟದಲ್ಲಿ ಖಾತೆ ಎರಡು. ಒಂದು, ಉದ್ಯೋಗಿಯ ಸಂಬಳದಿಂದ ಆದಾಯ ತೆರಿಗೆ ಹಿಡಿದು ಕಟ್ಟುವುದಕ್ಕೆ. ಅದು ಕಂದಾಯ ಇಲಾಖೆಯದು. ಇನ್ನೊಂದು ನಿರುದ್ಯೋಗ ವಿಮೆಯ ಖಾತೆ, ಅದು ಕಾರ್ಮಿಕ ಇಲಾಖೆಯದು. ಪೆನ್ಸಿಲ್ವೇನಿಯಾದಲ್ಲಿ ಎರಡಕ್ಕೂ ಒಂದೇ ಆನ್‌ಲೈನ್ ಅರ್ಜಿ ಸಾಕು, ಮೈಪಾತ್ ಅನ್ನುವ ಜಾಲತಾಣದಲ್ಲಿ. ಹಿಂದೆ ಇದಕ್ಕೆ ಪಿಎ-100 ಎಂಬ ಫಾರ್ಮ್ ಇತ್ತು. ಹಳೆಯ ಲೆಕ್ಕಿಗರು ಈಗಲೂ ಅದೇ ಹೆಸರು ಹೇಳುತ್ತಾರೆ. ಅರ್ಜಿ ಒಂದೇ ಆದರೂ ನಂಬರ್ ಎರಡು ಬರುತ್ತವೆ, ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಹೊತ್ತಿಗೆ. ಒಂದು ಬಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

ಅರ್ಜಿಗೆ ಕೂರುವ ಮೊದಲು ನಿರುದ್ಯೋಗ ವಿಮೆ ಯಾವ ರಾಜ್ಯಕ್ಕೆ ಸೇರುತ್ತದೆ ಎಂದು ಖಾತ್ರಿ ಮಾಡಿಕೊಂಡೆ. ಆ ಹುಡುಗಿ ಆಗಾಗ ಎಡಿಸನ್ ಆಫೀಸಿಗೂ ಬರುವವಳು. ಹಾಗಾದರೆ ಎರಡೂ ರಾಜ್ಯಕ್ಕೆ ಕಟ್ಟಬೇಕಾ? ಬೇಡ. ಒಬ್ಬ ಉದ್ಯೋಗಿಗೆ ಒಂದು ಕೆಲಸಕ್ಕೆ ಒಂದೇ ರಾಜ್ಯ. ಅದನ್ನು ತೀರ್ಮಾನಿಸಲು ನಾಲ್ಕು ಪ್ರಶ್ನೆಗಳಿವೆ, ಅವನ್ನು ಕೇಳುವ ಕ್ರಮವೂ ಗೊತ್ತಾಗಿದೆ. ಕೆಲಸ ಮುಖ್ಯವಾಗಿ ಒಂದೇ ರಾಜ್ಯದಲ್ಲಿ ನಡೆಯುತ್ತದಾ? ಇಲ್ಲವಾದರೆ, ಆಕೆಯ ಕೆಲಸದ ನೆಲೆ ಎಲ್ಲಿ? ಅದೂ ಸ್ಪಷ್ಟವಿಲ್ಲದಿದ್ದರೆ, ಮೇಲಿನವರು ಕೆಲಸ ಹೇಳುವುದು ಎಲ್ಲಿಂದ? ಕೊನೆಗೆ, ಆಕೆ ವಾಸ ಇರುವುದು ಎಲ್ಲಿ? ಒಂದಕ್ಕೆ ಉತ್ತರ ಸಿಕ್ಕಿದರೆ ಮುಂದಿನದಕ್ಕೆ ಹೋಗಬೇಕಿಲ್ಲ. ನಮಗೆ ಮೊದಲನೆಯದರಲ್ಲೇ ಉತ್ತರ ಸಿಕ್ಕಿತು. ಕೆಲಸ ನಡೆಯುವುದು ಪೆನ್ಸಿಲ್ವೇನಿಯಾದ ಮನೆಯಲ್ಲಿ, ಎಡಿಸನ್‌ಗೆ ಬರುವುದು ಮೀಟಿಂಗ್ ಇದ್ದಾಗ ಮಾತ್ರ.

ಆದಾಯ ತೆರಿಗೆಯ ವಿಷಯದಲ್ಲಿ ಈ ಎರಡು ರಾಜ್ಯಗಳ ನಡುವೆ ಹಳೆಯ ಒಪ್ಪಂದವಿದೆ. ಪೆನ್ಸಿಲ್ವೇನಿಯಾ ನಿವಾಸಿಯ ಸಂಬಳಕ್ಕೆ ನ್ಯೂ ಜೆರ್ಸಿ ತೆರಿಗೆ ಹಾಕುವುದಿಲ್ಲ, ಆ ಕಡೆಯಿಂದಲೂ ಹಾಗೇ. ಹಾಗಾಗಿ ಎನ್‌ಜೆ-165 ಎಂಬ ಫಾರ್ಮ್‌ಗೆ ತಾನು ನ್ಯೂ ಜೆರ್ಸಿ ನಿವಾಸಿಯಲ್ಲ ಎಂದು ಆಕೆಯ ಸಹಿ ಹಾಕಿಸಿ ಫೈಲಿನಲ್ಲಿ ಇಟ್ಟುಕೊಂಡೆ. ಆಫೀಸಿಗೆ ಬಂದ ದಿನಗಳ ಲೆಕ್ಕ ಇಡುವ ತಲೆನೋವು ಇಲ್ಲ.

ಅರ್ಜಿಯಲ್ಲಿ ಕಷ್ಟದ್ದೇನಿಲ್ಲ. ಆದರೆ ಮೂರು ಕಡೆ ನಿಧಾನಿಸಬೇಕು. ಕಂಪನಿಯ ಹೆಸರು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಟ್ಟ ಇಐಎನ್ ಪತ್ರದಲ್ಲಿ ಹೇಗಿದೆಯೋ ಹಾಗೇ ಇರಬೇಕು. ಅಲ್ಪವಿರಾಮ, ಹೆಸರಿನ ಕೊನೆಯ ಎಲ್‌ಎಲ್‌ಸಿ, ಯಾವುದೂ ಆಚೀಚೆ ಆಗಬಾರದು. ನಾನು ಆ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡೇ ಟೈಪ್ ಮಾಡಿದೆ. ಎರಡನೆಯದು ದಿನಾಂಕ. ರಾಜ್ಯದಲ್ಲಿ ಕೆಲಸ ಶುರುವಾದ ದಿನ ಬೇರೆ, ಮೊದಲ ಸಂಬಳ ಕೊಟ್ಟ ದಿನ ಬೇರೆ. ಆಕೆ ಅಲ್ಲಿಂದ ಕೆಲಸ ಶುರು ಮಾಡಿದ್ದು ಜೂನ್ 3ರ ಸೋಮವಾರ. ಸಂಬಳ ಬಂದಿದ್ದು ಆ ತಿಂಗಳ ಮಧ್ಯದಲ್ಲಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನಿರುದ್ಯೋಗ ವಿಮೆಯ ರಿಟರ್ನ್‌ನಲ್ಲಿ ಸಂಬಳವನ್ನು ತೋರಿಸುವುದು ಕೊಟ್ಟ ದಿನದ ಮೇಲೆ. ಜೂನ್‌ನ ಕೆಲಸಕ್ಕೆ ಜುಲೈನಲ್ಲಿ ಸಂಬಳ ಕೊಟ್ಟರೆ ಅದು ಮುಂದಿನ ತ್ರೈಮಾಸಿಕಕ್ಕೆ ಹೋಗುತ್ತದೆ. ಮೂರನೆಯದು, ನೀವು ಬೇರೆ ಯಾವುದಾದರೂ ವ್ಯವಹಾರವನ್ನು ಕೊಂಡಿದ್ದೀರಾ, ವಹಿಸಿಕೊಂಡಿದ್ದೀರಾ ಅನ್ನುವ ಪ್ರಶ್ನೆ. ಸುಮ್ನೆ ಟಿಕ್ ಹಾಕಿ ಮುಂದೆ ಹೋಗುವಂಥದ್ದಲ್ಲ. ಹೌದು ಅಂದರೆ ಆ ಹಳೆಯ ವ್ಯವಹಾರದ ವಿಮೆಯ ದರ ನಿಮ್ಮ ತಲೆಗೆ ಬರಬಹುದು.

ಆಮೇಲೆ ದರ. ಪೆನ್ಸಿಲ್ವೇನಿಯಾದ ಆದಾಯ ತೆರಿಗೆ ಎಲ್ಲರಿಗೂ ಒಂದೇ, 3.07%. ಸ್ಲ್ಯಾಬ್ ಇಲ್ಲ, ಹಾಗಾಗಿ ಎಷ್ಟು ತೆರಿಗೆ ಹಿಡಿಯಬೇಕು ಎಂದು ಉದ್ಯೋಗಿ ತುಂಬಿಕೊಡುವ ಫೆಡರಲ್ ಡಬ್ಲ್ಯೂ-4 ಥರದ ಫಾರ್ಮ್ ಕೂಡ ರಾಜ್ಯಕ್ಕೆ ಬೇಡ. ನಿರುದ್ಯೋಗ ವಿಮೆಗೆ 2024ರಲ್ಲಿ ಕಟ್ಟಡ ನಿರ್ಮಾಣದವರನ್ನು ಬಿಟ್ಟು ಉಳಿದ ಹೊಸ ಕಂಪನಿಗಳಿಗೆ 3.822%. ಅದೂ ಒಬ್ಬ ಉದ್ಯೋಗಿಯ ವರ್ಷದ ಮೊದಲ 10,000 ಡಾಲರ್ ಸಂಬಳದ ಮೇಲೆ ಮಾತ್ರ. ಹೆಚ್ಚೆಂದರೆ 382 ಡಾಲರ್ 20 ಸೆಂಟ್. ನ್ಯೂ ಜೆರ್ಸಿಯಲ್ಲಿ ಅದೇ ವರ್ಷ ಆ ಮಿತಿ 42,300 ಡಾಲರ್ ಇತ್ತು. ಉದ್ಯೋಗಿಯಿಂದಲೂ ನಿರುದ್ಯೋಗ ವಿಮೆಗೆ ಹಿಡಿಯುವ ರಾಜ್ಯಗಳು ಮೂರೇ: ಅಲಾಸ್ಕಾ, ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ. ಪೆನ್ಸಿಲ್ವೇನಿಯಾದಲ್ಲಿ ಅದು 0.07%, ಆದರೆ ಇಡೀ ಸಂಬಳದ ಮೇಲೆ. ಎಂಟು ಸಾವಿರ ಡಾಲರ್‌ಗೆ 5 ಡಾಲರ್ 60 ಸೆಂಟ್.

ಇನ್ನು ನನ್ನ ಪ್ರಕಾರ ಪೆನ್ಸಿಲ್ವೇನಿಯಾದಲ್ಲಿ ಜಾಸ್ತಿ ಹುಷಾರಾಗಿರಬೇಕಾದ ಜಾಗಕ್ಕೆ ಬರುತ್ತೇನೆ. ಅದು ಟೌನ್‌ಶಿಪ್ ತೆರಿಗೆ. ನ್ಯೂ ಜೆರ್ಸಿಯಿಂದ ಹೋದವರು ಇದನ್ನು ನಿರೀಕ್ಷಿಸುವುದೇ ಇಲ್ಲ. ಪೆನ್ಸಿಲ್ವೇನಿಯಾದ ಎಷ್ಟೋ ಟೌನ್‌ಶಿಪ್‌, ಬರೋಗಳು (ಕೌಂಟಿಯೊಳಗಿನ ಊರಾಡಳಿತಗಳು) ತಮ್ಮದೇ ಆದ ಆದಾಯ ತೆರಿಗೆ ಹಾಕುತ್ತವೆ. ಬಹಳ ಕಡೆ 1%, ಅರ್ಧ ಟೌನ್‌ಶಿಪ್‌ಗೆ, ಅರ್ಧ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗೆ. ಕೆಲವು ಕಡೆ ಇಲ್ಲವೇ ಇಲ್ಲ. ಫಿಲಡೆಲ್ಫಿಯಾದ್ದು ಪೂರ್ತಿ ಬೇರೆಯೇ ವ್ಯವಸ್ಥೆ. ಆಕ್ಟ್ 32 ಎಂಬ 2008ರ ಕಾನೂನು ಫಿಲಡೆಲ್ಫಿಯಾ ಬಿಟ್ಟು ಉಳಿದ ರಾಜ್ಯವನ್ನು 69 ತೆರಿಗೆ ವಸೂಲಿ ಜಿಲ್ಲೆಗಳಾಗಿ ವಿಂಗಡಿಸಿತು. ಆ ಹಣವನ್ನು ಸಂಬಳದಲ್ಲೇ ಹಿಡಿದು ಆಯಾ ವಸೂಲಿದಾರ ಸಂಸ್ಥೆಗೆ ಕಟ್ಟಬೇಕು. ಅಲ್ಲಿಗೆ ನೋಂದಣಿಯೂ ಬೇರೆಯೇ, ಮೈಪಾತ್‌ನಲ್ಲಿ ಆಗುವುದಿಲ್ಲ.

ಪ್ರತಿ ಊರಿಗೂ ಆರು ಅಂಕಿಯ ಪಿಎಸ್‌ಡಿ ಕೋಡ್ ಇರುತ್ತದೆ. ಮೊದಲ ಎರಡು ಅಂಕಿ ವಸೂಲಿ ಜಿಲ್ಲೆ, ನಡುವಿನ ಎರಡು ಸ್ಕೂಲ್ ಡಿಸ್ಟ್ರಿಕ್ಟ್, ಕೊನೆಯ ಎರಡು ಊರು. ಈ ಕೋಡನ್ನು ಅಂಚೆ ವಿಳಾಸ ನೋಡಿ ಹಾಕಲೇಬಾರದು. ಬಕ್ಸ್ ಕೌಂಟಿಯಲ್ಲೇ ಯಾರ್ಡ್ಲಿ ಎಂಬ ಊರಿದೆ. ವಿಳಾಸದಲ್ಲಿ ಯಾರ್ಡ್ಲಿ ಅಂತಿದ್ದರೂ ಮನೆ ಯಾರ್ಡ್ಲಿ ಬರೋ ಒಳಗೆ ಇರಬಹುದು, ಪಕ್ಕದ ಲೋವರ್ ಮೇಕ್‌ಫೀಲ್ಡ್ ಟೌನ್‌ಶಿಪ್‌ನಲ್ಲೂ ಇರಬಹುದು. ನ್ಯೂಟೌನ್ ಅಂದರೂ ಅಷ್ಟೇ, ನ್ಯೂಟೌನ್ ಬರೋ ಬೇರೆ, ನ್ಯೂಟೌನ್ ಟೌನ್‌ಶಿಪ್ ಬೇರೆ. ಸಂಬಳದ ಲೆಕ್ಕಕ್ಕೆ ನಾವು ಬಳಸುವ ಪೇರೋಲ್ ಕಂಪನಿಯ ಸಾಫ್ಟ್‌ವೇರ್ ಪಿನ್ ಕೋಡ್ ನೋಡಿ ಒಂದು ಊರನ್ನು ತಾನೇ ಹಾಕಿಕೊಂಡಿತ್ತು. ನಾನು ರಾಜ್ಯದ ಸಮುದಾಯ ಮತ್ತು ಆರ್ಥಿಕ ಅಭಿವೃದ್ಧಿ ಇಲಾಖೆಯ ಜಾಲತಾಣದಲ್ಲಿ ಮನೆ ನಂಬರ್, ಬೀದಿ ಸಮೇತ ಹಾಕಿ ನೋಡಿದೆ. ಅಲ್ಲಿ ಬಂದದ್ದು ಪಕ್ಕದ ಟೌನ್‌ಶಿಪ್. ಮೊದಲ ಸಂಬಳಕ್ಕೆ ಮುಂಚೆಯೇ ಸರಿಮಾಡಿಸಿದೆ. ಇದನ್ನು ಬಿಟ್ಟಿದ್ದರೆ ಹಣ ಬೇರೆ ಊರಿಗೆ ಹೋಗಿ, ವರ್ಷದ ಕೊನೆಗೆ ಆ ಹುಡುಗಿಯ ಕೈಗೆ ತನ್ನ ಟೌನ್‌ಶಿಪ್‌ನಿಂದ ನೋಟಿಸ್ ಬರುತ್ತಿತ್ತು. ತೊಂದರೆ ಆಗುವುದು ಉದ್ಯೋಗಿಗೆ, ಅದಕ್ಕೇ ಈ ಒಂದು ವಿಷಯದಲ್ಲಿ ನಾನು ಯಾರ ಮಾತನ್ನೂ ಹಾಗೇ ನಂಬುವುದಿಲ್ಲ.

ಹೊಸ ಉದ್ಯೋಗಿ ಆಗಲಿ, ವಿಳಾಸ ಬದಲಾಯಿಸಿದವರಾಗಲಿ, ಅವರಿಂದ ರೆಸಿಡೆನ್ಸಿ ಸರ್ಟಿಫಿಕೇಶನ್ ಫಾರ್ಮ್ ತುಂಬಿಸಿಕೊಳ್ಳಬೇಕು. ಅದರಲ್ಲಿ ಮನೆಯ ಕೋಡ್, ಕೆಲಸದ ಜಾಗದ ಕೋಡ್, ಎರಡರ ದರವೂ ಇರುತ್ತದೆ. ವಾಸದ ಊರಿನ ನಿವಾಸಿ ದರ ಮತ್ತು ಕೆಲಸದ ಊರಿನ ಹೊರಗಿನವರ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು. ಮನೆಯಿಂದಲೇ ಕೆಲಸ ಮಾಡುವವರಿಗೆ ಎರಡೂ ಒಂದೇ ಊರು.

ಇದರ ಜೊತೆ ಕೆಲವು ಊರುಗಳಲ್ಲಿ ಲೋಕಲ್ ಸರ್ವಿಸಸ್ ಟ್ಯಾಕ್ಸ್ ಅಂತ ವರ್ಷಕ್ಕೆ ಹೆಚ್ಚೆಂದರೆ 52 ಡಾಲರ್. ಬೆಂಗಳೂರಿನಲ್ಲಿ ಕೆಲಸ ಮಾಡಿದವರಿಗೆ ಪೇ ಸ್ಲಿಪ್‌ನಲ್ಲಿ ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿಯುತ್ತಿದ್ದುದು ನೆನಪಿರಬಹುದು. ಇದೂ ಅದೇ ಜಾತಿಯದು. ವರ್ಷಕ್ಕೆ 10 ಡಾಲರ್ ದಾಟಿದರೆ ಒಂದೇ ಸಲ ಹಿಡಿಯುವುದಲ್ಲ, ವರ್ಷದ ಸಂಬಳದ ಕಂತುಗಳಿಗೆ ಹಂಚಿ ಹಿಡಿಯಬೇಕು.

ಮೊದಲ ಪೇ ಸ್ಲಿಪ್ ನೋಡಿ ಆ ಹುಡುಗಿ ಮತ್ತೆ ಫೋನ್ ಮಾಡಿದಳು. "ಅಕ್ಕಾ, ಒಂದು ಪರ್ಸೆಂಟ್ ಕಟ್ ಆಗಿದ್ದು ಗೊತ್ತಾಯ್ತು. ಆದರೆ ನನ್ನ 401ಕೆ ಹಣಕ್ಕೂ ಟ್ಯಾಕ್ಸ್ ಹಾಕಿದಾರಲ್ಲ?" ಪ್ರಶ್ನೆ ಸರಿಯಾಗಿತ್ತು, ಹಿಡಿದದ್ದೂ ಸರಿಯಾಗಿತ್ತು. ಉದ್ಯೋಗಿ ತನ್ನ ಸಂಬಳದಿಂದ ನಿವೃತ್ತಿಗೆಂದು 401ಕೆ ಯೋಜನೆಗೆ ಹಾಕುವ ಹಣಕ್ಕೆ ಫೆಡರಲ್ ಮತ್ತು ನ್ಯೂ ಜೆರ್ಸಿ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ, ಪೆನ್ಸಿಲ್ವೇನಿಯಾದಲ್ಲಿ ಇಲ್ಲ. ತಿಂಗಳಿಗೆ 8,000 ಡಾಲರ್ ಸಂಬಳದಲ್ಲಿ 800 ಡಾಲರ್ 401ಕೆಗೆ ಹೋದರೂ ರಾಜ್ಯ ತೆರಿಗೆ ಪೂರ್ತಿ 8,000ದ ಮೇಲೆ, ಅಂದರೆ 245 ಡಾಲರ್ 60 ಸೆಂಟ್. ಆರೋಗ್ಯ ವಿಮೆಯ ಕಂತಿನದು ಇದಕ್ಕೆ ಉಲ್ಟಾ. ಕಂಪನಿಯ ಕೆಫೆಟೀರಿಯಾ ಪ್ಲಾನ್ (ತೆರಿಗೆ ಲೆಕ್ಕಕ್ಕೆ ಮುಂಚೆಯೇ ಇಂಥ ಕಂತುಗಳನ್ನು ಹಿಡಿಯುವ ವ್ಯವಸ್ಥೆ) ಮೂಲಕ ಸಂಬಳದಿಂದ ಹೋಗುವ ಆ ಹಣವನ್ನು ನ್ಯೂ ಜೆರ್ಸಿ ತೆರಿಗೆಗೆ ಸೇರಿಸುತ್ತದೆ, ಪೆನ್ಸಿಲ್ವೇನಿಯಾ ಬಿಡುತ್ತದೆ. ಇವೆರಡನ್ನೂ ನಾನು ಪೇ ಸ್ಲಿಪ್ ಪಕ್ಕದಲ್ಲಿಟ್ಟುಕೊಂಡು ಕ್ಯಾಲ್ಕ್ಯುಲೇಟರ್‌ನಲ್ಲಿ ಲೆಕ್ಕ ಹಾಕಿ ತೋರಿಸಿದೆ. ಹೊಸ ರಾಜ್ಯದ ಮೊದಲ ಪೇ ಸ್ಲಿಪ್ ಅನ್ನು ಸಾಲು ಸಾಲಾಗಿ ಕೈಯಲ್ಲೇ ಲೆಕ್ಕ ಹಾಕಿ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ತೆರಿಗೆಯಲ್ಲದ ಎರಡು ಕೆಲಸಗಳೂ ಇದರ ಬೆನ್ನಿಗೇ ಬರುತ್ತವೆ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ವರ್ಕರ್ಸ್ ಕಾಂಪ್ ವಿಮೆಯ ಏಜೆಂಟರಿಗೆ ಹೇಳಿ ಪಾಲಿಸಿಯಲ್ಲಿ ರಾಜ್ಯಗಳ ಪಟ್ಟಿ ಇರುವ 3ಎ ಭಾಗದಲ್ಲಿ ಪೆನ್ಸಿಲ್ವೇನಿಯಾ ಸೇರಿಸಿದೆ. ಇನ್ನೊಂದು, ಹೊರ ರಾಜ್ಯದ ಕಂಪನಿ ಎಂದು ಪೆನ್ಸಿಲ್ವೇನಿಯಾದ ಡಿಪಾರ್ಟ್‌ಮೆಂಟ್ ಆಫ್ ಸ್ಟೇಟ್‌ನಲ್ಲಿ ನೋಂದಣಿ, ಅದರ ಶುಲ್ಕ 250 ಡಾಲರ್. ಅಲ್ಲಿ ಉದ್ಯೋಗಿ ಇದ್ದರೆ ಕಂಪನಿಯ ಆದಾಯದ ಮೇಲಿನ ತೆರಿಗೆಯೂ ಬರಬಹುದು. ಅದನ್ನು ಸಿಪಿಎ (ಲೈಸೆನ್ಸ್ ಇರುವ ಲೆಕ್ಕಪರಿಶೋಧಕರು) ಹತ್ತಿರ ಕೂತೇ ಮಾತಾಡಬೇಕು, ನಾನು ಹಾಗೇ ಮಾಡಿದೆ.

ಬೇರೆ ರಾಜ್ಯಕ್ಕೆ ಹೋಗುವವರು ಇದೇ ಪಟ್ಟಿ ಹಿಡಿದುಕೊಂಡು ಕೂರಬೇಡಿ. ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ರಾಜ್ಯ ಆದಾಯ ತೆರಿಗೆ ಇಲ್ಲ, ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ನ ಒಂದೇ ಖಾತೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ ಇಡಿಡಿ ಅನ್ನುವ ಒಂದೇ ಇಲಾಖೆ ಆದಾಯ ತೆರಿಗೆ, ನಿರುದ್ಯೋಗ ವಿಮೆ, ಅಂಗವಿಕಲತೆ ವಿಮೆ ಎಲ್ಲ ನೋಡುತ್ತದೆ. ಒಂದು ತ್ರೈಮಾಸಿಕದಲ್ಲಿ 100 ಡಾಲರ್ ದಾಟಿ ಸಂಬಳ ಕೊಟ್ಟರೆ 15 ದಿನದೊಳಗೆ ಅಲ್ಲಿ ನೋಂದಾಯಿಸಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಆದಾಯ ತೆರಿಗೆ ಹಿಡಿಯುವುದಿಲ್ಲ, ಆದರೆ ವರ್ಕರ್ಸ್ ಕಾಂಪ್ ವಿಮೆಯನ್ನು ಖಾಸಗಿಯವರಿಂದ ಕೊಳ್ಳುವ ಹಾಗಿಲ್ಲ, ರಾಜ್ಯದ ನಿಧಿಗೇ ಕಟ್ಟಬೇಕು.

ಪೇರೋಲ್ ಕಂಪನಿಗಳು ಹಣ ಕೊಟ್ಟರೆ ನೋಂದಣಿಯನ್ನೂ ಮಾಡಿಕೊಡುತ್ತವೆ. ಉದ್ಯೋಗಿಗಳು ಹತ್ತಾರು ರಾಜ್ಯಗಳಲ್ಲಿ ಇದ್ದರೆ ಅದು ಒಳ್ಳೆಯದೇ. ಒಂದೆರಡು ರಾಜ್ಯವಾದರೆ ನೀವೇ ಮಾಡಿ. ಇಲಾಖೆಗಳ ಪತ್ರ ಬರುವುದು ನಿಮ್ಮ ವಿಳಾಸಕ್ಕೆ, ಲಾಗಿನ್ ಇರಬೇಕಾದ್ದು ನಿಮ್ಮ ಹೆಸರಲ್ಲಿ. ನಂಬರ್ ಬಂದ ಮೇಲೆ ಪೇರೋಲ್ ಕಂಪನಿಗೆ ಬೇಕಾದ ಅಧಿಕಾರ ಕೊಟ್ಟರೆ ಸಾಕು.

ನಿರುದ್ಯೋಗ ವಿಮೆಯ ದರ ಮಾತ್ರ ಪ್ರತಿ ವರ್ಷ ಬದಲಾಗಬಹುದು. ಪೆನ್ಸಿಲ್ವೇನಿಯಾ ಅದನ್ನು ಯುಸಿ-657 ಎಂಬ ಪತ್ರದಲ್ಲಿ ವರ್ಷದ ಕೊನೆಯ ಹೊತ್ತಿಗೆ ತಿಳಿಸುತ್ತದೆ. ಪೇರೋಲ್ ಸಾಫ್ಟ್‌ವೇರ್‌ಗೆ ಅದು ತಾನಾಗೇ ಗೊತ್ತಾಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಜನವರಿಯ ಮೊದಲ ಸಂಬಳ ಓಡಿಸುವ ಮುಂಚೆ ಹೊಸ ದರ ಹಾಕಿ, ಪತ್ರದ ಪ್ರತಿಯನ್ನು ಪೇರೋಲ್ ಕಂಪನಿಗೂ ಕಳಿಸಿ. ತಪ್ಪು ದರದಲ್ಲಿ ಮೊದಲ ತ್ರೈಮಾಸಿಕ ಕಳೆದರೆ ಏಪ್ರಿಲ್ 30ರೊಳಗೆ ಕೊಡಬೇಕಾದ ರಿಟರ್ನ್‌ನಲ್ಲಿ ಲೆಕ್ಕ ಹೊಂದುವುದಿಲ್ಲ.