ಬೆಂಗಳೂರು–ಮಂಗಳೂರು ದಾರಿಯಲ್ಲಿ ಚಾರ್ಜಿಂಗ್ ಕೇಂದ್ರ: ಜಾಗ ಗುರುತಿಸುವುದು ಹೇಗೆ?

ಹೆದ್ದಾರಿ ಬದಿಯಲ್ಲಿ ವಿದ್ಯುತ್ ವಾಹನಗಳಿಗೆ ಚಾರ್ಜಿಂಗ್ ಕೇಂದ್ರ ತೆರೆಯುವ ಮಾತು ಬಂದ ಕೂಡಲೇ ಜನ ಖಾಲಿ ನಿವೇಶನ ಹುಡುಕಲು ಹೊರಡುತ್ತಾರೆ. ನಿವೇಶನದ ಸರದಿ ಬರುವುದು ಕೊನೆಗೆ. ಕೇಂದ್ರ ವಿದ್ಯುತ್ ಸಚಿವಾಲಯದ 2019ರ ಮಾರ್ಗಸೂಚಿ ಹೆದ್ದಾರಿಯ ಎರಡೂ ಬದಿಯಲ್ಲಿ 25 ಕಿ.ಮೀ.ಗೊಂದು ಕೇಂದ್ರ ಇರಬೇಕೆಂದು ಹೇಳಿತ್ತು. ಗುರಿಯೇನೋ ಒಳ್ಳೆಯದೇ. ಆದರೆ ಹಣ ಎರಡು–ಮೂರು ಕೇಂದ್ರಗಳಿಗಷ್ಟೇ ಸಾಲುವಾಗ ಮೊದಲು ಯಾವ ಊರು? ರಾಷ್ಟ್ರೀಯ ಹೆದ್ದಾರಿ 75ರ ಬೆಂಗಳೂರು–ಮಂಗಳೂರು ಭಾಗವನ್ನೇ ಇಟ್ಟುಕೊಂಡು ನೋಡೋಣ.

1. ಇಡೀ ಪ್ರಯಾಣ ಎಣಿಸಿ

ಟೋಲ್ ಗೇಟಿನಲ್ಲಿ ದಿನಕ್ಕೆಷ್ಟು ವಾಹನ ಹಾದುಹೋದವು ಎಂಬ ಲೆಕ್ಕ ಸಾಲದು. ನೆಲಮಂಗಲದಲ್ಲಿ ಎಷ್ಟೇ ದಟ್ಟಣೆಯಿದ್ದರೂ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಆಗಷ್ಟೇ ಹೊರಟವರಿಗೆ ಅಲ್ಲಿ ನಿಲ್ಲುವ ಅಗತ್ಯವಿಲ್ಲ. ಎಲ್ಲಿಂದ ಎಲ್ಲಿಗೆ ಎಷ್ಟು ಜನ ಹೋಗುತ್ತಾರೆ ಎಂಬ ಪಟ್ಟಿ ಬೇಕು. 2005ರಲ್ಲಿ ಮೈಕೆಲ್ ಕ್ಯೂಬಿ ಮತ್ತು ಸಿಯೋ ಲಿಮ್ ಎಂಬ ಸಂಶೋಧಕರು ಪ್ರಕಟಿಸಿದ ವಿಧಾನದ ತಿರುಳೂ ಇದೇ: ವಾಹನ ದಾರಿಯಲ್ಲೆಲ್ಲೂ ಬರಿದಾಗದೆ ಹೋಗಿ ಮರಳಿ ಬಂದರೆ ಮಾತ್ರ ಆ ಪ್ರಯಾಣಕ್ಕೆ ಅನುಕೂಲವಾಯಿತು ಎಂದು ಲೆಕ್ಕ. ಎಂದರೆ ಒಂದು ಕೇಂದ್ರದ ಬೆಲೆ ಉಳಿದ ಕೇಂದ್ರಗಳು ಎಲ್ಲಿವೆ ಎಂಬುದರ ಮೇಲೆ ನಿಂತಿದೆ.

2. ಚಿಕ್ಕ ಬ್ಯಾಟರಿಯನ್ನು ಅಳತೆಗೋಲಾಗಿಸಿ

30 ಯೂನಿಟ್ ಬ್ಯಾಟರಿಯ ಕಾರು ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಓಡುತ್ತದೆ ಎನ್ನಿ. ಶೇ 15ರಷ್ಟನ್ನು ಆಪತ್ತಿಗೆಂದು ಉಳಿಸಿದರೆ ಮನೆಯಿಂದ ಹೊರಟ ಮೊದಲ ಹಂತಕ್ಕೆ 170 ಕಿ.ಮೀ. ಸಿಗುತ್ತದೆ. ಫಾಸ್ಟ್ ಚಾರ್ಜರ್‌ನಲ್ಲಿ ಶೇ 80 ದಾಟಿದ ಮೇಲೆ ವೇಗ ಕುಸಿಯುವುದರಿಂದ ಬಹಳಷ್ಟು ಮಂದಿ ಅಲ್ಲಿಗೇ ತಂತಿ ಕಳಚುತ್ತಾರೆ. ಹಾಗಾಗಿ ಮುಂದಿನ ಹಂತಗಳಿಗೆ 130 ಕಿ.ಮೀ. ಮಾತ್ರ. ಬೆಂಗಳೂರಿನಿಂದ ಸುಮಾರು 185 ಕಿ.ಮೀ. ದೂರದ ಹಾಸನ ಮೊದಲ ನಿಲುಗಡೆಯಾಗಲಾರದು, ಅದಕ್ಕಿಂತ ಸುಮಾರು 40 ಕಿ.ಮೀ. ಮೊದಲೇ ಸಿಗುವ ಚನ್ನರಾಯಪಟ್ಟಣ ಆಗುತ್ತದೆ.

3. ಘಾಟಿಯ ಏರನ್ನು ಕಿಲೋಮೀಟರಿಗೆ ಇಳಿಸಿ

ಭೂಪಟ ನೋಡಿ ಯೋಜನೆ ಹಾಕುವವರು ಮರೆಯುವುದು ಇದನ್ನೇ. ಶಿರಾಡಿ ಘಾಟಿಯ ಮೇಲಿನ ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಜನರೂ ಸಾಮಾನೂ ಸೇರಿ 1,800 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ ಹೆಚ್ಚುವರಿ ಬೇಕು, ಸಮತಟ್ಟು ದಾರಿಯ 30 ಕಿ.ಮೀ.ಗೆ ಸಮ. ಮಂಗಳೂರಿನಿಂದ ಸಕಲೇಶಪುರಕ್ಕಿರುವ ಸುಮಾರು 130 ಕಿ.ಮೀ. ಹೀಗೆ 160 ಆಗುತ್ತದೆ. ಪೂರ್ತಿ ತುಂಬಿಸಿ ಹೊರಟವರೂ ಕೂದಲೆಳೆಯ ಅಂತರದಲ್ಲಿ ತಲುಪುತ್ತಾರೆ. ಹೋಟೆಲಿನಲ್ಲಿ ತಂಗಿ, ಅರ್ಧ ಬ್ಯಾಟರಿಯಲ್ಲೇ ಹೊರಟವರ ಗತಿ ಹೇಳಬೇಕಿಲ್ಲ. ಅವರಿಗಾಗಿ ಏರು ಶುರುವಾಗುವ ಮೊದಲು, ಉಪ್ಪಿನಂಗಡಿ ಅಥವಾ ನೆಲ್ಯಾಡಿಯಲ್ಲಿ ಒಂದು ಕೇಂದ್ರ ಬೇಕೇ ಬೇಕು.

ಇಳಿಯುವಾಗ ಬ್ರೇಕಿನ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಆದರೆ ತುಂಬಿದ ಬ್ಯಾಟರಿಗೆ ಅದನ್ನು ಹಿಡಿದಿಟ್ಟುಕೊಳ್ಳಲು ಜಾಗವಿರುವುದಿಲ್ಲ. ಹಾಗಾಗಿ ಸಕಲೇಶಪುರದ ಕೇಂದ್ರದ ಉಪಯೋಗ ಮುಖ್ಯವಾಗಿ ಘಾಟಿ ಹತ್ತಿ ಬಂದವರಿಗೆ. ಕೆಳಗಿಳಿಯುವವರು ಅಲ್ಲಿ ಸ್ವಲ್ಪವೇ ತುಂಬಿಸಿಕೊಂಡರೆ ಸಾಕು.

4. ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿ, ಆಮೇಲೆ ಜಾಗ ನೋಡಿ

60 ಕಿಲೋವ್ಯಾಟಿನ ಎರಡು ಚಾರ್ಜರ್‌ಗಳೆಂದರೆ 120 ಕಿಲೋವ್ಯಾಟ್. ಪಂಪ್‌ಸೆಟ್‌ಗಳ ಹೊರೆಯನ್ನೇ ಹೊತ್ತು ಏದುಸಿರು ಬಿಡುವ ಹಳ್ಳಿಯ 63 ಅಥವಾ 100 ಕೆವಿಎ ಟಿಸಿಗೆ ಇದನ್ನು ಜೋಡಿಸಿದರೆ ಊರಿಗೇ ಕತ್ತಲೆ. ಪ್ರತ್ಯೇಕ ಟಿಸಿ ಬೇಕು, 11 ಕೆವಿ ಲೈನ್ ಹತ್ತಿರ ಇರಬೇಕು. ಕುಣಿಗಲ್ ಬೆಸ್ಕಾಂಗೆ, ಹಾಸನ ಜಿಲ್ಲೆ ಮೈಸೂರಿನ ಸೆಸ್ಕ್‌ಗೆ, ಉಪ್ಪಿನಂಗಡಿ ಮೆಸ್ಕಾಂಗೆ ಸೇರುತ್ತವೆ. ಒಂದೇ ದಾರಿಗೆ ಮೂರು ವಿದ್ಯುತ್ ಕಂಪನಿಗಳ ಬಾಗಿಲು ತಟ್ಟಬೇಕಾಗುತ್ತದೆ. ಜಾಗದ ಮುಂಗಡ ಕೊಡುವ ಮೊದಲೇ ಆ ಕಂಪನಿಯ ಸ್ಥಳೀಯ ಸೆಕ್ಷನ್ ಕಚೇರಿಯಲ್ಲಿ ವಿಚಾರಿಸಿ.

ಶೌಚಾಲಯ, ಕಾಫಿ, ರಾತ್ರಿ ಬೆಳಕು ಇರುವ ಕಡೆಯೇ ಆಗಬೇಕು. ಅರ್ಧ ಗಂಟೆ ಕಾಯುವ ಹೆಂಗಸರು, ಮಕ್ಕಳು, ವಯಸ್ಸಾದವರನ್ನು ನೆನೆದರೆ ಇದಕ್ಕೆ ಬೇರೆ ಸಮರ್ಥನೆ ಬೇಡ.

5. ಮಳೆಗಾಲದ ನಕ್ಷೆ ಬೇರೆಯೇ ಇರಲಿ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿತ್ತು. ಹಾಗಾದಾಗ ಕಾರುಗಳು ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿಗೆ ತಿರುಗುತ್ತವೆ. ಮೊದಲ ಮೂರು ಕೇಂದ್ರಗಳು ಚನ್ನರಾಯಪಟ್ಟಣ, ಸಕಲೇಶಪುರ, ಉಪ್ಪಿನಂಗಡಿ ಎಂದಾದರೆ, ನಾಲ್ಕನೆಯದನ್ನು ಮೂಡಿಗೆರೆಗೆ ಕೊಡುವುದು ನನ್ನ ಆಯ್ಕೆ.