ಯು.ಎಸ್. ಶಿಫ್ಟಲ್ಲಿ ನಿದ್ದೆನೂ ಮಗಳ ಸ್ಕೂಲೂ ಹೊಂದಿಸ್ಕೊಂಡಿದ್ದು

ನಾನು ವೈಟ್‌ಫೀಲ್ಡ್ ಕಡೆ ಒಂದು ಕಂಪನೀಲಿ ಅಮೆರಿಕಾದ ಈಸ್ಟರ್ನ್ ಟೈಮ್ (ನ್ಯೂಯಾರ್ಕ್ ಕಡೆ ಟೈಮು) ಸಪೋರ್ಟ್ ನೋಡ್ಕೋತೀನಿ, ಹೆಂಡ್ತಿ ಬ್ಯಾಂಕಲ್ಲಿ, ಮಗಳು ಎರಡನೇ ಕ್ಲಾಸು. ರಾತ್ರಿ ಡ್ಯೂಟಿ ಅಂದ್ರೆ ಎಲ್ರೂ "ಹಗಲೆಲ್ಲಾ ಮನೇಲೇ ಇರ್ತೀಯಲ್ಲಪ್ಪ, ಮಗೂಗೆ ಒಳ್ಳೇದೇ ಆಯ್ತು" ಅಂತಾರೆ. ಗ್ಯಾಸ್ ತರೋನು, ಕೊರಿಯರ್ರು, ಊರಿಂದ ಬರೋ ನೆಂಟ್ರು, ಎಲ್ರಿಗೂ ಸಿಗೋನು ನಾನೇ!

ನಮ್ಮನ್ನ ಜಾಸ್ತಿ ಸತಾಯಿಸಿದ್ದು ಬೇಸಿಗೆ ಟೈಮಿಂಗು. ಅಮೆರಿಕಾದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕಿಟ್ಟು ನವೆಂಬರ್ ಮೊದಲ್ನೇ ಭಾನುವಾರ ವಾಪಸ್ ತರ್ತಾರೆ, ನಮ್ಮಲ್ಲಿ ಆ ಪದ್ಧತಿ ಇಲ್ಲ, ಹಂಗಾಗಿ ಅವ್ರ ಬೆಳಗ್ಗೆ 9 ಅಂದ್ರೆ ಬೇಸಿಗೇಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30. ಬೇಸಿಗೇಲಿ 5ಕ್ಕೇ ಕ್ಯಾಬ್ ಬಂದ್ಬಿಡುತ್ತೆ, ಹೆಂಡ್ತಿ ಬರೋದು 6:30, ಅಲ್ಲೀತನಕ ಮಗಳು ಕೆಳಗಿನ ಮನೆ ಆಂಟಿ ಹತ್ರ. ಬೆಳಗಿನ ಜಾವ 4:15ಕ್ಕೆ ಬಂದು ಮಲಗಿ ಇನ್ನೇನು ನಿದ್ದೆ ಹತ್ತಿತು ಅನ್ನೋವಾಗ ಡಬ್ಬಿ, ಜಡೆ, ವ್ಯಾನು ಶುರು, ಆಮೇಲೆ ಮಲಗಿದ್ರೂ ಅದು ನಿದ್ದೆನೇ ಅಲ್ಲ.

ಚಳಿಗಾಲದಲ್ಲಿ 5:15ಕ್ಕೆ ಬರ್ತೀನಿ, ಮಲಗೋಕೇ ಹೋಗಲ್ಲ, ಸ್ನಾನ ಮಾಡಿ ಉಪ್ಪಿಟ್ಟೋ ಚಿತ್ರಾನ್ನನೋ ಮಾಡಿ ಅವಳನ್ನ ವ್ಯಾನ್ ಹತ್ತಿಸಿ 8ಕ್ಕೆ ಮಲಗಿದ್ರೆ 2:30ರ ತನಕ ಒಂದೇ ಸಮ ನಿದ್ದೆ, ಅವಳು 3ಕ್ಕೆ ಬರೋಷ್ಟರಲ್ಲಿ ಎದ್ದಿರ್ತೀನಿ. ಕ್ಯಾಬೂ 6ಕ್ಕೆ. ತಡವಾದ ಶಿಫ್ಟೇ ಸಂಸಾರಕ್ಕೆ ಸಲೀಸು ಅಂದ್ರೆ ನಂಬೋರು ಕಮ್ಮಿ.

ಅದಕ್ಕೇ ವರ್ಷಪೂರ್ತಿ 7:30ರ ಲಾಗಿನ್ ಕೇಳ್ದೆ. ಮನೆ ಕಷ್ಟ ಹೇಳ್ಕೊಂಡ್ರೆ ಮ್ಯಾನೇಜರ್ "ನೋಡೋಣ" ಅಂತಾರೆ ಅಷ್ಟೇ. ಕ್ಲೈಂಟಿಗೆ ಅಮೆರಿಕಾದ ಪಶ್ಚಿಮಕ್ಕಿರೋ ಪೆಸಿಫಿಕ್ ಕಡೇನೂ ಆಫೀಸಿದೆ, ನ್ಯೂಯಾರ್ಕಲ್ಲಿ ಸಂಜೆ 6 ಆದಾಗ ಅಲ್ಲಿನ್ನೂ ಮಧ್ಯಾಹ್ನ 3, ನಮ್ಮ ಟೀಮ್ ಎದ್ದೋದ್ಮೇಲೆ ಬರೋ ಟಿಕೆಟ್‌ಗಳು, ಅಂದ್ರೆ ಸಪೋರ್ಟ್ ಕೇಳಿ ಬರೋ ದೂರುಗಳು, ಮಾರನೇ ದಿನದವರೆಗೆ ಕೊಳೀತಾ ಇದ್ವು, ಆ ಲಿಸ್ಟ್ ತೆಗೆದು ತೋರಿಸ್ದೆ, ಒಪ್ಕೊಂಡ್ರು. ಬಾಯಿಮಾತಲ್ಲಿ ಬಿಡ್ಬೇಡಿ, ಮೇಲ್ ಮಾಡಿಸ್ಕೊಳಿ, ಮ್ಯಾನೇಜರ್ ಬದಲಾದ್ರೆ ಮಾತೂ ಹೋಗುತ್ತೆ. ಟ್ರಾನ್ಸ್‌ಪೋರ್ಟ್ ಡೆಸ್ಕಿಗೂ ಕಾಪಿ ಹಾಕ್ಸಿ, ಇಲ್ಲಾಂದ್ರೆ ಕ್ಯಾಬ್ ಹಳೇ ಟೈಮಿಗೇ ಬಂದು ನಿಲ್ಲುತ್ತೆ.

ನಿದ್ದೆ ಟೈಮಲ್ಲಿ ಫೋನ್ ಸೈಲೆಂಟು, ಸ್ಕೂಲ್ ನಂಬರ್ ಮತ್ತೆ ಹೆಂಡ್ತಿ ನಂಬರ್ ಮಾತ್ರ ರಿಂಗ್ ಆಗೋ ಥರ ಇಟ್ಟಿದೀನಿ. ಅಮ್ಮಂಗೆ ಇದು ಇವತ್ತಿಗೂ ಸಿಟ್ಟು.

ರಜೆಗಳದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ನನಗೆ ರಜ, ಅವತ್ತು ಮಗಳಿಗೆ ಸ್ಕೂಲು, ದೀಪಾವಳಿಗೆ ಅವಳು ಮನೇಲಿ, ನಾನು ಆಫೀಸ್ ಕಾಲ್‌ನಲ್ಲಿ. ಟೀಮಲ್ಲಿರೋ ಒಬ್ಬ ಕೇರಳದವರ ಜೊತೆ ಅದಲು ಬದಲು ಮಾಡ್ಕೊಂಡಿದೀನಿ, ಅವ್ರ ಓಣಂಗೆ ನಾನು, ನಮ್ಮ ದೀಪಾವಳಿಗೆ ಅವ್ರು. ಯುಗಾದಿಗೆ ಇನ್ನೂ ಯಾರೂ ಸಿಕ್ಕಿಲ್ಲ.