ಅಟ್ಟದ ಮೇಲಿನ ಕಟ್ಟುಗಳನ್ನು ನಾವು ಹೊತ್ತು ತರುವುದಿಲ್ಲ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಹಳೆಯ ಮನೆಗಳಲ್ಲಿ ಕಾಗದ ಪತ್ರ ಇದೆಯೇ ಎಂದು ಕೇಳಿದರೆ ಮೊದಲು ಸಿಗುವ ಉತ್ತರ ಒಂದೇ: ‘ಎಲ್ಲ ಗೆದ್ದಲು ತಿಂದು ಹೋಯಿತು.’ ಅದು ಬಹಳ ಸಲ ನಿಜವಲ್ಲ. ಹಿಂದೆ ಯಾರೋ ಓದಿ ಕೊಡುತ್ತೇನೆಂದು ಒಯ್ದವರು ವಾಪಸು ಕೊಟ್ಟಿರುವುದಿಲ್ಲ. ಜಮೀನಿನ ತಕರಾರು ಎದ್ದೀತು ಎಂಬ ಅಳುಕೂ ಇರುತ್ತದೆ. ಆದ್ದರಿಂದ ನಮ್ಮ ಇತಿಹಾಸ ಬಳಗ ಆರಂಭದಲ್ಲೇ ಒಂದು ನಿಯಮ ಮಾಡಿಕೊಂಡಿತು. ಯಾವ ವಸ್ತುವನ್ನೂ ಮನೆಯಿಂದ ಹೊರಗೆ ಒಯ್ಯುವುದಿಲ್ಲ. ಜಗುಲಿಯಲ್ಲೇ ಕುಳಿತು, ಮನೆಯವರ ಎದುರೇ ಪ್ರತಿ ಮಾಡಿಕೊಳ್ಳುತ್ತೇವೆ. ಈ ಮಾತು ಹೇಳಿದ ಮೇಲೆ ಅಟ್ಟದ ಏಣಿ ತಾನಾಗಿಯೇ ಬರುತ್ತದೆ.

ಸಿಗುವುದು ತಾಳೆಗರಿ, ಕಡತ, ದಸ್ತಾವೇಜು, ಪತ್ರ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಮಡಚಿದ ಕಪ್ಪು ಪುಸ್ತಕ, ಬರೆಯುವುದು ಬಳಪದಲ್ಲಿ. ಒದ್ದೆ ಕೈ ತಾಗಿದರೆ ಅಕ್ಷರ ಅಳಿಸಿ ಹೋಗುತ್ತದೆ. ಆದ್ದರಿಂದ ಕಡತವನ್ನು ಒರೆಸುವುದೇ ಇಲ್ಲ, ಅಂಚು ಹಿಡಿದು ಮಡಿಕೆ ಬಿಡಿಸಿ ಫೋಟೊ ತೆಗೆಯುತ್ತೇವೆ. ತಾಳೆಗರಿಯ ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಗಟ್ಟಿ ಇರುವ ಗರಿಗಳಿಗೆ ಮಾತ್ರ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರುತ್ತೇವೆ. ಹರಿದ ಕಾಗದಕ್ಕೆ ಸೆಲ್ಲೊಟೇಪ್ ಹಚ್ಚಲೇಬಾರದು. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಸಾಕು. ಊರು, ಮನೆ, ಕಟ್ಟು, ಪುಟ ಎಂಬ ಕ್ರಮದಲ್ಲಿ ಸಂಖ್ಯೆಯನ್ನು ಅಲ್ಲೇ ಬರೆಯಬೇಕು. ನಾಳೆ ಬರೆದರಾಯಿತು ಎಂದರೆ ಗೊಂದಲ ಖಂಡಿತ.

ಹಿಂದೆ ಈ ಕಟ್ಟುಗಳನ್ನು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಒಲೆಯ ಹೊಗೆ ನಮ್ಮ ಮಳೆಗಾಲದ ತೇವವನ್ನೂ ಹುಳುವನ್ನೂ ದೂರ ಇಡುತ್ತಿತ್ತು. ಗ್ಯಾಸ್ ಬಂದ ಮೇಲೆ ಅಟ್ಟ ತಣ್ಣಗಾಯಿತು, ಹುಳು ಬಂತು. ಹೆಂಗಸರ ಕಣ್ಣು ಉಳಿಸಿದ ಗ್ಯಾಸನ್ನು ದೂರುವಂತಿಲ್ಲ. ಹೊಗೆಯ ಬದಲು ವರ್ಷಕ್ಕೊಮ್ಮೆ ದೀಪಾವಳಿ ಕಳೆದ ಮೇಲೆ ಕಟ್ಟು ಬಿಚ್ಚಿ, ನೆರಳಲ್ಲಿ ಗಾಳಿಗೆ ಹರಡಿ, ಒಣಗಿದ ಹತ್ತಿಬಟ್ಟೆಯಲ್ಲಿ ಮತ್ತೆ ಸುತ್ತಿಡಿ ಎಂದು ಹೇಳಿ ಬರುತ್ತೇವೆ.

ನನ್ನನ್ನು ಅಲುಗಾಡಿಸಿದ್ದು ಕರನಿರಾಕರಣೆಯ ಕಾಲದ ಕಾಗದಗಳು. 1932ರಲ್ಲಿ ಅಂಕೋಲಾ ಮತ್ತು ಸಿದ್ದಾಪುರದ ರೈತರು ಕಂದಾಯ ಕೊಡಲು ನಿರಾಕರಿಸಿದರು. ಬ್ರಿಟಿಷ್ ಸರ್ಕಾರ ಜಮೀನು, ದನ, ಪಾತ್ರೆ ಜಪ್ತಿ ಮಾಡಿತು. ಹರಾಜಿನ ನೋಟೀಸಿನಲ್ಲಿ ಜಮೀನಿನ ನಾಲ್ಕು ಗಡಿ ಹೇಳುವ ಚಕ್ಕುಬಂದಿ ಇದೆ, ಬಾಕಿಯ ಮೊತ್ತ ಇದೆ, ಗಂಡಸಿನ ಹೆಸರಿದೆ. ಮನೆಯ ಹೆಂಗಸಿನ ಹೆಸರು ಒಂದೂ ಇಲ್ಲ. ಆದರೆ ಅದೇ ವರ್ಷ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಜಪ್ತಿಯ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತವರು ಹೆಂಗಸರೇ.

ಆ ಕೊರತೆ ತುಂಬಿಕೊಂಡದ್ದು ಅಡಿಕೆ ಸುಲಿಯುವ ಹೊತ್ತಿನಲ್ಲಿ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ ಹಗಲು ಯಾರಿಗೂ ಪುರುಸೊತ್ತಿಲ್ಲ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತಾಗ ಮಾತು ತಾನಾಗಿ ಹರಿಯುತ್ತದೆ. ‘ನಮ್ಮ ಅತ್ತೆ ದನಗಳನ್ನು ರಾತ್ರಿಯೇ ಗುಡ್ಡ ದಾಟಿಸಿದ್ದರಂತೆ ತಮ್ಮಾ, ಗಂಟೆ ಬಿಚ್ಚಿಟ್ಟು’ ಎಂದು ಒಬ್ಬ ಅಜ್ಜಿ ಹೇಳಿದರು. ಕೇಳಿ ನಾನು ರೆಕಾರ್ಡರ್ ನೋಡುವುದನ್ನೇ ಮರೆತೆ. ಪುಣ್ಯಕ್ಕೆ ಅದು ಓಡುತ್ತಿತ್ತು. ಈಗ ನೋಟೀಸಿನ ಪ್ರತಿಯ ಜೊತೆಗೆ ಆ ಮಾತನ್ನೂ ಅದೇ ಸಂಖ್ಯೆಯಡಿ ಇಡುತ್ತೇವೆ. ಹೇಳಿದವರು ಯಾರು, ಯಾರಿಂದ ಕೇಳಿದ್ದು ಎಂಬುದನ್ನು ಬಿಡದೆ ಬರೆಯುತ್ತೇವೆ. ಕಂಡದ್ದಕ್ಕೂ ಕೇಳಿದ್ದಕ್ಕೂ ತೂಕ ಬೇರೆ.

ಸರ್ಕಾರಿ ದಾಖಲೆ ಇದ್ದೇ ಇದೆಯಲ್ಲ ಎನ್ನುವವರಿದ್ದಾರೆ. ನಮ್ಮ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ 1956ರವರೆಗೆ ಮುಂಬೈ ಆಡಳಿತದಲ್ಲಿ. ಒಂದು ಊರಿನ ಕಥೆ ಹುಡುಕಲು ಚೆನ್ನೈಗೂ ಮುಂಬೈಗೂ ಅಲೆಯಬೇಕು. ಅಟ್ಟದಲ್ಲಿರುವುದು ಹತ್ತಿರದ್ದು, ಮನೆಯವರ ಕೈಬರಹದ್ದು.

ಪ್ರತಿ ಸಿದ್ಧವಾದ ಮೇಲೆ ಮನೆಯವರಿಗೆ ಓದಿ ಹೇಳುತ್ತೇವೆ. ಮೋಡಿ ಎಂಬ ಹಳೆಯ ಕೂಡುಬರಹ, ಹಾಗ–ಬೇಳೆ ಎಂಬ ಹಳೆಯ ನಾಣ್ಯಗಳ ಲೆಕ್ಕ ಬಲ್ಲ ಹಿರಿಯರೊಬ್ಬರು ಬಳಗದಲ್ಲಿದ್ದಾರೆ. ಒಳಗೆ ಏನಿದೆ ಎಂದು ತಿಳಿದ ಮನೆ ಆ ಕಟ್ಟನ್ನು ರದ್ದಿಗೆ ಹಾಕುವುದಿಲ್ಲ, ಇದು ನಾನು ಕಣ್ಣಾರೆ ಕಂಡದ್ದು. ಒಂದು ಪ್ರತಿ ಅವರಿಗೆ, ಇನ್ನೊಂದು ಅವರ ಒಪ್ಪಿಗೆ ಇದ್ದರೆ ಊರಿನ ಗ್ರಂಥಾಲಯಕ್ಕೆ.

ಈಗ ಎಲ್ಲೆಡೆ ಹಳೆಯ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರೆ. ಸುದ್ದಿ ಬಂದ ದಿನವೇ ಹೊರಡುತ್ತೇವೆ, ಏಕೆಂದರೆ ಹೆಂಚು ಇಳಿಸುವ ಮೊದಲು ಖಾಲಿ ಮಾಡುವುದು ಅಟ್ಟವನ್ನೇ.